ಒಂತೆ

ಲೋರಿಯಾಂ ಎಂದರೆ ಪೂರ್ವ.
ಊರು ಇರುವುದು ಮಾತ್ರ ಪಶ್ಚಿಮದ ಕೊಟ್ಟಕೊನೆಗೆ,
ಅಲ್ಲಿಂದ ಮುಂದೆ ನೀರೇ.
ಹದಿನೆಂಟು ವರ್ಷ ಮಂಗಳೂರಿನ ಮಕ್ಕಳಿಗೆ
ಫ್ರೆಂಚ್ ಕ್ರಿಯಾಪದ ತಿದ್ದಿದ ನಾನು
ಇಪ್ಪತ್ತೊಂದು ದಿನ ರಜೆ ಹಾಕಿ, ಪಿ.ಎಫ್. ಮುರಿದು,
ಮಾತಾಡಲೆಂದೇ ಹೋದೆ.

ಮಾತು ಸಿಗಲಿಲ್ಲ.
ಬ್ರೆಡ್ಡಿನ ಅಂಗಡಿಯಲ್ಲಿ ಬಾಯಿ ತೆರೆಯುವ ಮೊದಲೇ ಚಿಲ್ಲರೆ ಬಂತು.
ಮೊದಲ ಬಾರಿನವರು ನನ್ನ ಮುಖ ನೋಡಿ ಇಂಗ್ಲಿಷಿಗೆ ಇಳಿದರು,
ಎರಡನೆಯದರಲ್ಲಿ ಎಲ್ಲರ ಕತ್ತು ಫುಟ್‌ಬಾಲಿನ ಕಡೆ,
ಇನ್ನೊಂದರಲ್ಲಿ ಜೋಡಿಗಳು, ಮೇಣದ ಬತ್ತಿ,
ಒಂಟಿ ಕುರ್ಚಿಯೇ ಇಲ್ಲ.
ರಾತ್ರಿ ಲಾಡ್ಜಿನ ಕನ್ನಡಿಗೆ
ಸಂಭಾವನಾರ್ಥದ ಎಲ್ಲ ರೂಪ ಒಪ್ಪಿಸಿ ಮಲಗಿದೆ.
ಒಂದೂ ತಪ್ಪಿಲ್ಲ.
ಕನ್ನಡಿ ತಿರುಗಿ ಏನೂ ಕೇಳಲಿಲ್ಲ.

ಒಂಬತ್ತನೆಯ ದಿನ ಮಳೆಗೆ ಓಡಿ ಹೊಕ್ಕದ್ದು ಸೋಲಾಂಜಳ ಬಾರು.
ಬೋರ್ಡಿಲ್ಲ, ಗಾಜಿಗೆಲ್ಲ ಉಪ್ಪು,
ಬಾಗಿಲಲ್ಲಿ ರಬ್ಬರು ಬೂಟುಗಳ ಸಾಲು, ಗುಡಿಯ ಮುಂದೆ ಬಿಟ್ಟ ಹಾಗೆ.
ಪಿಂಗಾಣಿ ಬಟ್ಟಲಲ್ಲಿ ಸೇಬಿನ ಹುಳಿಮದ್ಯ.
ಪಕ್ಕದ ಮುದುಕ ಗ್ವೆನಾಯೆಲ್ ಕೇಳಿದ:
ನಿಮ್ಮ ಕಡಲಲ್ಲಿ ಏನು ಸಿಗುತ್ತದೆ?
ರಾಜರ ಹೆಸರು ಗೊತ್ತು, ನದಿಗಳ ಹೆಸರು ಗೊತ್ತು,
ಬಂಗುಡೆಗೆ ಏನನ್ನುತ್ತಾರೆ ಗೊತ್ತಿಲ್ಲ.
ಕೈ ಒರೆಸುವ ಕಾಗದದ ಮೇಲೆ ಬಿಡಿಸಿದೆ,
ಬೆನ್ನಿನ ಪಟ್ಟೆ ಸಮೇತ.
'ಮಾಕ್ರೊ!' ಎಂದು ಇಡೀ ಬಾರು ಕೂಗಿತು.

ಬಟ್ಟಲು ತುಂಬಿಸಲು ಬಂದಾಗ
ಸಾಕು, ಹೊಟ್ಟೆ ತುಂಬಿದೆ ಎನ್ನಹೋಗಿ
ನಾನಂದದ್ದು ಅಲ್ಲಿ ಗಬ್ಬದ ಆಕಳಿಗೆ ಅನ್ನುವ ಮಾತಂತೆ.
ಸೋಲಾಂಜ್ ಕೌಂಟರಿಗೆ ಹಣೆ ಹಚ್ಚಿ ನಕ್ಕಳು.
ಗ್ವೆನಾಯೆಲ್ ಕರುವಿಗೆ ಏನು ಹೆಸರಿಡುತ್ತೀರಿ ಎಂದ.
ಆಮೇಲೆ ಹನ್ನೆರಡು ಸಂಜೆ
ನನ್ನ ಕುರ್ಚಿ ಯಾರೂ ಮುಟ್ಟಲಿಲ್ಲ.

ಕೊನೆಯ ರಾತ್ರಿ ಕೇಳಿದ:
ಹೀಗೆ ಗಾಳಿ ಥಟ್ಟನೆ ತಿರುಗಿದರೆ
ನಿಮ್ಮೂರ ಮೀನುಗಾರರು ಏನನ್ನುತ್ತಾರೆ?
ಅದು ನನ್ನೂರಲ್ಲ, ನಾನು ರಾಣೆಬೆನ್ನೂರಿನವಳು, ಎಂದೆ.
ಅಲ್ಲಿಗೆ ಬಂದು ಎಷ್ಟು ವರ್ಷ?
ಇಪ್ಪತ್ತೆರಡು.
ಅವನು ಬಟ್ಟಲು ಒಂದು ಸುತ್ತು ತಿರುಗಿಸಿದ, ಅಷ್ಟೇ.

ಇಪ್ಪತ್ತೆರಡು ವರ್ಷ
ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ, ಮೀನಿನ ಬುಟ್ಟಿಯ ಮುಂದೆ
ತುಳುವಿನ ಹರಟೆ ನನ್ನ ಕಂಡೊಡನೆ ಕನ್ನಡಕ್ಕೆ ಹೊರಳುತ್ತಿತ್ತು,
ಕೂತವರು ಎದ್ದು ಕುರ್ಚಿ ಬಿಟ್ಟುಕೊಡುವ ಹಾಗೆ.
ನಾನೂ ಕೂತೆ,
ಥ್ಯಾಂಕ್ಸ್ ಅಂದೆ.

ದಕ್ಕೆಯ ಹಿಂದೆ, ಐಸ್ ಪ್ಲಾಂಟಿನ ಮಗ್ಗುಲಿಗೆ ಒಂದು ಬಾರುಂಟು.
'ಫ್ಯಾಮಿಲಿ ರೂಮು ಮೇಲೆ, ಮೇಡಂ' ಎಂದ ವೇಟರ್ ಲೋಹಿತ.
ನನ್ನ ಫ್ಯಾಮಿಲಿ ನಾನೇ. ಕೆಳಗೇ ಕೂತೆ.
ಐದು ಟೇಬಲ್ಲಿನ ಮಾತು ಒಟ್ಟಿಗೆ ನಿಂತಿತು,
ಫ್ಯಾನು ಕಿರುಗುಟ್ಟುವುದು ಕೇಳಿಸಿತು.
ಒಬ್ಬ ಗ್ಲಾಸು ಎತ್ತಿಕೊಂಡು ಗೋಡೆ ಕಡೆ ತಿರುಗಿದ.
ಬಿಯರು ಬಂತು, ಬೂತಾಯಿ ಪುಳಿಮುಂಚಿ ಬಂತು.

ಎದುರಿಗೆ ತಾಂಡೇಲ ದೇಜಪ್ಪಣ್ಣ (ಹೆಸರು ಆಮೇಲೆ ತಿಳಿದದ್ದು),
ಪುಸ್ತಕದಂಥ ಕನ್ನಡದಲ್ಲಿ:
'ಯಾರನ್ನಾದರೂ ಕಾಯುತ್ತಿದ್ದೀರಾ?'
'ಇಜ್ಜಿ.'
'ತುಳು ಬರ್ಪುಂಡಾ?'
'ಒಂತೆ.'
ಅದು ಸುಳ್ಳು. ಕೈಯಲ್ಲಿದ್ದದ್ದೇ ಆ ಎರಡು ಪದ,
ಎರಡೂ ಖರ್ಚಾಗಿದ್ದವು.
ಸಾಲ ಮಾಡಿ ಮುಂದೆ ಹೋದೆ.
ಮೀನು ತಿನ್ನುತ್ತೇನೆ ಎನ್ನುವ ಬದಲು
ಮೀನೇ ನನ್ನ ತಿನ್ನುತ್ತದೆ ಎಂದೆ.
ಐಸಿನ ಹುಡುಗನ ಮೂಗಿನಿಂದ ಬಿಯರು ಬಂತು.
ಗೋಡೆ ಕಡೆಯವನ ಬೆನ್ನು ಕುಲುಕಿತು.
ದೇಜಪ್ಪಣ್ಣ ನಗಲಿಲ್ಲ.
ಒಂದು ಗುಟುಕು ಕುಡಿದು, 'ಅದೂ ಉಂಟು' ಎಂದರು.
ಮತ್ತೆ, ನಿಧಾನ, ಮಗುವಿಗೆ ಮುಳ್ಳು ಬಿಡಿಸಿ ಕೊಡುವ ಹಾಗೆ:
'ಯಾನ್ ಮೀನ್ ತಿನ್ಪೆ. ಪನ್ಲೆ.'
ಅಂದೆ.

ಹೊರಡುವಾಗ ಗ್ವೆನಾಯೆಲನ ಗಾಳಿಯನ್ನು ಕೇಳಿದೆ,
ಕೈಯಲ್ಲಿ ತಿರುಗಿಸಿ ತೋರಿಸಿ.
ಅವರೇನೋ ಹೇಳಿದರು, ಗಿಡ್ಡ ಪದ.
ಅಷ್ಟರಲ್ಲಿ ಐದೂ ಟೇಬಲ್ಲಿನ ಮಾತು ಮತ್ತೆ ಎದ್ದಿತ್ತು,
ತುಳುವಿನಲ್ಲೇ, ನನಗಾಗಿ ಯಾರೂ ಹೊರಳಿಸಲಿಲ್ಲ.
ಆ ಗದ್ದಲದಲ್ಲಿ ಪದ ಕಿವಿಗೆ ಬೀಳಲಿಲ್ಲ.
ನಾಳೆ ಇನ್ನೊಮ್ಮೆ ಹೋಗಬೇಕು.